ನೂರು ಕಿಟಕಿಯ ಮನೆಗೆ ಗಾಳಿಯಕ್ಕನೇ ಉಸಿರು

ಬೆಳಕು ಹರಿಯುವ ಹೊತ್ತು. ಪೇಟೆಯ ನಟ್ಟನಡುವೆ ಆನೆಯಂತೆ ಮಲಗಿರುವ ದೊರೆಮನೆಯೊಳಗೆ ಗಾಳಿಯಕ್ಕ ಮೊದಲ ಕಿಟಕಿಯ ಚಿಲಕಕ್ಕೆ ಕೈಯಿಡುತ್ತಾರೆ. ಅಲ್ಲಿಯ ತನಕ ಸೂರ್ಯ ಎದುರು ಮಾಳಿಗೆಯ ಹಿಂದೆ ಕೈಕಟ್ಟಿ ನಿಂತಿರುತ್ತಾನೆ. ನಿಲ್ಲದೆ ಏನು ಮಾಡಿಯಾನು? ಒಳಗೆ ಬರಲು ಬೇರೆ ದಾರಿಯಿಲ್ಲ.

ನೆಲದಂತಸ್ತಿನ ನೆರಳುಬದಿಯ ಸಾಲು ಮೊದಲು. ಕಟ್ಟಕಡೆಗೆ ಮೆಟ್ಟಿಲಸಾಲಿನ ನೆತ್ತಿಯಲ್ಲಿರುವ ಗುಮ್ಮಟದ ಕಿಂಡಿಗಳು. ನಡುವೆ, ಮೆಟ್ಟಿಲ ಕಂಬಿಗೆ ಅವರೇ ಕಟ್ಟಿದ ಒಂದು ನೂಲಿನ ಎಳೆ. ಎಳೆ ಮೇಲಕ್ಕೆ ಬಾಗಿದರೆ ಮನೆ ಉಸಿರೆಳೆದುಕೊಂಡಂತೆ. "ಮೇಲಿಂದು ಮೊದಲು ತೆಗೆದ್ರೆ ಮನೆ ಮುನಿಸಿಕೊಳ್ಳುತ್ತೆ. ಬಾಗಿಲೆಲ್ಲ ಪಟಾರ್ ಅಂತ ಬಡ್ಕೊಳ್ಳುತ್ತೆ, ನಮ್ಮ ನಾದಿನಿ ಥರ" ಎನ್ನುತ್ತಾರೆ.

ತೆಗೆಯಲು ಒಂದು, ಮುಚ್ಚಲು ಒಂದು, ದಿನಕ್ಕೆರಡು ಸುತ್ತು, ಸುತ್ತಿಗೆ ಎಂಬತ್ತೆಂಟು ಮೆಟ್ಟಿಲು. ಮೂವತ್ತೊಂದು ವರ್ಷದಲ್ಲಿ ಅವರು ಹತ್ತಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನ ಹಿತ್ತಿಲಿಗೆ ಇಳಿದು, ಮಂಡಿ ನೀವಿಕೊಂಡು, ವಾಪಸು ಬರಬಹುದು.

ಮನೆ ಕಟ್ಟಿಸಿದ ದೊರೆ ಹಟಮಾರಿ. ಪಕ್ಕದ ಬೀದಿಯ ದಾಯಾದಿ ತೊಂಬತ್ತೊಂಬತ್ತು ಕಿಟಕಿಯ ಮನೆ ಕಟ್ಟಿಸಿದ್ದೇ ತಡ, ತನಗೆ ನೂರು ಬೇಕೆಂದು ಕುಳಿತ. ಎರಡು ಮೊಳ ದಪ್ಪದ ಗಾರೆಗೋಡೆ ಎದ್ದಿತು, ಮುಗಿಲಿಗೆ ಊರುಗೋಲು ಕೊಟ್ಟಂತೆ ಕಂಬಗಳು ನಿಂತವು, ದೊಡ್ಡ ಹಜಾರದ ಸೂರಿನ ಗಾರೆಯ ತುಂಬ ಬಣ್ಣದಲ್ಲಿ ಬರೆದ ಹಕ್ಕಿಗಳು ಬಂದು ಕುಳಿತವು. ನೂರನೆಯ ಕಿಟಕಿಗೆ ಮಾತ್ರ ಹೊಗೆಗೂಡು ಅಡ್ಡ ಬಂತು. ದೊರೆ ಬಿಟ್ಟಾನೆಯೇ? ಗೋಡೆಯ ಮೇಲೇ ಕಿಟಕಿ ಬರೆಸಿದ, ಚಿಲಕದ ನೆರಳು ಸಮೇತ.

ಹೊಸ ಸೊಸೆಯಾಗಿ, ಅತ್ತೆಯ ಜೊತೆ ಕೆಲಸಕ್ಕೆ ಬಂದ ಮೊದಲ ದಿನ ಗಾಳಿಯಕ್ಕ ಆ ಚಿಲಕದೊಂದಿಗೆ ಅರ್ಧ ದಿನ ಕುಸ್ತಿ ಆಡಿದರು. "ಎಣ್ಣೆ ಬಿಟ್ಟೆ, ಸುತ್ತಿಗೆ ತಂದೆ. ಅತ್ತೆ ನೋಡ್ತಾನೇ ನಿಂತಿದ್ರು. ಕೊನೆಗೆ, 'ತೆಗೆದ ಮೇಲೆ ನನಗೂ ಹೇಳಮ್ಮ, ನಲವತ್ತು ವರ್ಷದಿಂದ ಕಾಯ್ತಿದೀನಿ' ಅಂದ್ರು." ಎಣ್ಣೆಯ ಕಲೆ ಇನ್ನೂ ಗೋಡೆಯ ಮೇಲಿದೆ.

ಇಂದು ನಗುವ ದಿನವಲ್ಲ. ಕಳೆದ ತಿಂಗಳು ಮಗಳ ಬಾಣಂತನಕ್ಕೆಂದು ಗಾಳಿಯಕ್ಕ ಎಂಟು ದಿನ ರಜೆ ಹಾಕಿದ್ದರು. ಈಗ ನೋಡುಗರಿಗೆ ತೆರೆದಿಟ್ಟಿರುವ ಈ ಮನೆಗೆ ಹೊಸದಾಗಿ ಬಂದ ಮ್ಯಾನೇಜರು ಧೂಳಿಗೆ ಹೆದರಿ ಎಲ್ಲ ಕಿಟಕಿ ಮುಚ್ಚಿಸಿದರು. ತಿರುಗಿ ಬಂದಾಗ ಗಾರೆ ತೇವ ಕುಡಿದು, ಸೂರಿನ ಹಕ್ಕಿಗಳಿಗೆ ಥಂಡಿ ಹಿಡಿದು ಹೊಟ್ಟೆ ಉಬ್ಬಿತ್ತು. ಸೂರು ಕೆಟ್ಟಿದೆ, ಕೆಡವಿ, ಕಿಟಕಿಗಳಿಗೆ ಮೊಳೆ ಹೊಡೆದು ಏಸಿ ಹಾಕೋಣ ಎಂದರು ಪರೀಕ್ಷಿಸಲು ಬಂದ ಇಂಜಿನಿಯರು.

"ಹದಿನೈದು ದಿನ ಕೊಡಿ ಸಾರ್, ಒಣಗದಿದ್ರೆ ನಾನೇ ಮೊಳೆ ಹೊಡೀತೀನಿ ಅಂದೆ. 'ನೀನೇನು ಇಂಜಿನಿಯರಾ?' ಅಂದ್ರು. ಅಲ್ಲ ಸಾರ್, ನೀವು ನಕ್ಷೆ ನೋಡಿದೀರ, ನಾನು ಗಾಳಿ ನೋಡಿದೀನಿ ಅಂದೆ."

ಇಂದು ಹದಿನೈದನೆಯ ದಿನ. ಹಜಾರದ ನಡುವೆ ಏಣಿ ನಿಂತಿದೆ. ಹತ್ತುತ್ತಿರುವವರು ಇಂಜಿನಿಯರು. ಹಿಡಿದಿರುವವರು ಇದೇ ಮನೆಯ ಮಾಲಿ, ಗಾಳಿಯಕ್ಕನ ಗಂಡ.

"ಗಟ್ಟಿಯಾಗಿ ಹಿಡ್ಕೊಳ್ರಿ. ಸಾಹೇಬರು ಬಿದ್ರೆ ಅದೂ ನನ್ನ ಕಿಟಕಿ ತಪ್ಪು ಅಂತಾರೆ."

"ಮೂವತ್ತೊಂದು ವರ್ಷ ನಿನ್ನನ್ನೇ ಹಿಡಿದಿದೀನಿ, ಏಣಿ ಏನು ಮಹಾ" ಎನ್ನುತ್ತಾರೆ ಮಾಲಿ.

ಇಂಜಿನಿಯರು ಹಕ್ಕಿಯ ಹೊಟ್ಟೆಗೆ ಅಂಗೈ ಒತ್ತುತ್ತಾರೆ. ಬೆರಳಿನಿಂದ ತಟ್ಟುತ್ತಾರೆ. ಮತ್ತೊಮ್ಮೆ ಒತ್ತುತ್ತಾರೆ. ಗಾಳಿಯಕ್ಕ ಅತ್ತ ನೋಡುವುದೇ ಇಲ್ಲ. ಅವರ ಕಣ್ಣು ನೂಲಿನ ಎಳೆಯ ಮೇಲೆ. ಕೆಳಗಿಳಿದವರು ಕೈಯ ಸುಣ್ಣದ ಪುಡಿ ಊದಿಕೊಂಡು ಹೇಳುವುದಿಷ್ಟೇ: "ಸೂರು ಇರಲಿ. ಆ ಎಳೆ ಕಟ್ಟೋದನ್ನ ನಮ್ಮ ಆಫೀಸಿನವರಿಗೂ ಒಮ್ಮೆ ತೋರಿಸಿಕೊಡಿ, ಅಮ್ಮ."

ಮ್ಯಾನೇಜರಿಗೆ ಈಗ ಉದಾರ ಬುದ್ಧಿ. ಏನು ಬೇಕೋ ಕೇಳಿ ಎನ್ನುತ್ತಾರೆ. ಗಾಳಿಯಕ್ಕ ಬಾಗಿಲ ಬಳಿಯ ಮೇಜಿನಿಂದ, ನೋಡಲು ಬರುವವರಿಗೆ ಹಂಚುವ ಕರಪತ್ರ ಎತ್ತಿಕೊಳ್ಳುತ್ತಾರೆ. "ಇದರಲ್ಲಿ ನೂರು ಕಿಟಕಿ ಅಂತಿದೆ. ತೊಂಬತ್ತೊಂಬತ್ತು ಅಂತ ತಿದ್ದಿಸಿಬಿಡಿ."

"ಆಗ ದಾಯಾದಿ ಮನೆಗೆ ಸರಿಸಮ ಆಗ್ಬಿಡುತ್ತಲ್ಲಮ್ಮ?"

"ಎಲ್ಲಿಯ ಸರಿಸಮ ಸಾರ್? ಆ ಮನೆ ಬಿದ್ದು ಇಪ್ಪತ್ತು ವರ್ಷ ಆಯ್ತು. ಇಲ್ಲಿ ಪ್ರತಿಯೊಂದೂ ತೆಗೆಯುತ್ತೆ."