ಎಡಗಾಲು ಮಡಚಿ ಕೂಡಿಸುವ ಅವ್ವಣ್ಣ

೧೯೯೮ರ ನವೆಂಬರಿನಲ್ಲಿ ಪುಣೆಯ ಕಾತ್ರಜದ ಒಂದು ಗ್ಯಾರೇಜಿನಲ್ಲಿ, ಡ್ರೈವರ್ ಶಂಕ್ರೆಪ್ಪ ತಮ್ಮ ಮಾಲೀಕರ ಕಾರಿನ ಗೇರ್‌ಬಾಕ್ಸ್ ಕೆಡಿಸಿದ್ದಾರೆ ಎಂಬ ಚೀಟಿಗೆ ಮೆಕ್ಯಾನಿಕ್ ಅವ್ವಣ್ಣ ಹೆಬ್ಬೆಟ್ಟು ಒತ್ತಿದರು. ಶಂಕ್ರೆಪ್ಪ ಕೆಡಿಸಿರಲಿಲ್ಲ. ಅದು ಅವ್ವಣ್ಣನವರಿಗೆ ಗೊತ್ತಿತ್ತು. ಮರುದಿನ ಶಂಕ್ರೆಪ್ಪನವರ ಕೆಲಸ ಹೋಯಿತು.

ಈಗ ೨೦೦೬ರ ಡಿಸೆಂಬರ್. ಬೆಳಗಿನ ಐದೂಮುಕ್ಕಾಲು. ಅದೇ ಗ್ಯಾರೇಜು. ಘಾಟಿನ ಕಡೆಯಿಂದ ಇಳಿದ ಚಳಿಗೆ ತಗಡಿನ ಛಾವಣಿ ಬೆವತಿದೆ. ಹೊರಗಿನ ಹೆದ್ದಾರಿಯಲ್ಲಿ ಕರ್ನಾಟಕದ ಬಸ್ಸುಗಳು ಒಂದರ ಹಿಂದೊಂದು ಪುಣೆ ಸೇರುತ್ತಿವೆ. ನಲವತ್ತೇಳರ ಅವ್ವಣ್ಣ ಒಂದು ಹಳೆಯ ಕಾರಿನ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತಿದ್ದಾರೆ, ಜ್ವರ ನೋಡುವವರ ಹಾಗೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಕಾರೇ ಅವರಿಗೆ ಬೇಕು. ಅದಕ್ಕೇ ಇಷ್ಟು ಬೇಗ ಬರುತ್ತಾರೆ.

"ತಣ್ಣಗಿದ್ದಾಗ ಗೇರ್‌ಬಾಕ್ಸ್ ಖರೇ ಮಾತಾಡ್ತದ್ರಿ. ಬಿಸಿ ಆದ ಮ್ಯಾಲ ಮನಷ್ಯಾರ ಹಂಗ, ಒಂದೊಂದು ಸಲ ಸುಳ್ಳು ಹೇಳ್ತದ," ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಬಂದ ನನಗೆ.

ಸ್ಟೇರಿಂಗ್ ಹಿಂದೆ ಕೂತವರು ಕಾರಿನ ಡ್ರೈವರ್ ದೇವಾನಂದ, ಇಪ್ಪತ್ತಾರು ವರ್ಷ, ಆಳಂದ ಕಡೆಯವರು. ಮೂರು ವಾರದಿಂದ ಈ ಕಾರು ಹೊರಡುವಾಗ ಒದೆಯುತ್ತದೆ, ಗೇರು ಬದಲಾಗುವಾಗ ಕುಲುಕುತ್ತದೆ. ಹಿಂದಿನ ಸೀಟಿನಲ್ಲಿ ಕೂರುವ ಮಾಲೀಕರು ನಿನ್ನೆ ಖಡಾಖಂಡಿತ ಹೇಳಿದ್ದಾರೆ: ತಪ್ಪು ಯಾರದೆಂದು ಗ್ಯಾರೇಜಿನವರು ಬರೆದುಕೊಡಲಿ, ಹನ್ನೊಂದಕ್ಕೆ ಬರುತ್ತೇನೆ. ಡ್ರೈವರನ ತಪ್ಪಾದರೆ ದೇವಾನಂದರ ಕೆಲಸ ಇವತ್ತೇ ಹೋಗುತ್ತದೆ. ಕೆಲಸದ ಜೊತೆ, ಬಂಗಲೆಯ ಹಿಂದೆ ಅವರೂ ಹೆಂಡತಿಯೂ ಐದು ತಿಂಗಳ ಕೂಸೂ ಇರುವ ಕೋಣೆಯೂ ಹೋಗುತ್ತದೆ.

"ಎಡಗಾಲು ಮಡಚು," ಎನ್ನುತ್ತಾರೆ ಅವ್ವಣ್ಣ.

"ಏನ್ರಿ ಅಣ್ಣಾ?"

"ಕಾಲೋ ಮಾರಾಯಾ. ಉಣ್ಣಾಕ ಕುಂದರ್ತೀಯಲ್ಲ, ಹಂಗ ಮಡಚಿ ತೊಡಿ ಕೆಳಗ ಇಟ್ಕೋ. ಬಲಗಾಲು ಒಂದs ಸಾಕು ಈ ಗಾಡಿಗೆ."

ಇದು ಅವ್ವಣ್ಣನವರ ಪರೀಕ್ಷೆ. ಆಟೋಮ್ಯಾಟಿಕ್ ಕಾರಿನಲ್ಲಿ ಪೆಡಲುಗಳು ಎರಡೇ, ಕ್ಲಚ್ ಇಲ್ಲ. ಲಾರಿ, ಟೆಂಪೊ ಓಡಿಸಿ ಬಂದ ನಮ್ಮ ಡ್ರೈವರುಗಳ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತದೆ, ಬ್ರೇಕನ್ನು ತುಳಿಯುತ್ತದೆ, ಕಾರು ಮುಗ್ಗರಿಸುತ್ತದೆ. ಅಂಥ ತಪ್ಪು ನಿಜವಾಗಿಯೂ ಆಗುತ್ತದೆ. ಆಗುತ್ತದೆ ಎಂಬ ಕಾರಣಕ್ಕೇ ಪ್ರತಿಯೊಂದು ಕುಲುಕನ್ನೂ ಡ್ರೈವರನ ಕಾಲಿಗೆ ಕಟ್ಟುವುದು ಸುಲಭ. ಎಡಗಾಲು ಮಡಚಿ ಕೂತ ಮೇಲೂ ಕುಲುಕು ಬಂದರೆ ಕಾಲು ನಿರಪರಾಧಿ, ಗೇರ್‌ಬಾಕ್ಸ್ ಮಾತಾಡಬೇಕು. ಇಡೀ ಪುಣೆಯಲ್ಲಿ ಹೀಗೆ ಕೂಡಿಸಿ ನೋಡುವವರು ಬೇರೆ ಯಾರೂ ಇದ್ದಂತಿಲ್ಲ. ಅಷ್ಟು ಸಣ್ಣ ನ್ಯಾಯಕ್ಕೂ ಯಾರಿಗೂ ಪುರಸೊತ್ತಿಲ್ಲ.

ದೇವಾನಂದ ಕೀಲಿ ತಿರುಗಿಸಿ ಲಿವರನ್ನು ಮುಂದೋಟಕ್ಕೆ ಎಳೆಯುತ್ತಾರೆ. ಪಕ್ಕದಲ್ಲಿ ಅವ್ವಣ್ಣ ಕಣ್ಣು ಮುಚ್ಚಿ ಎಣಿಸುತ್ತಾರೆ: "ಒಂದು... ಎರಡು... ಮೂರು." ಧಡ್ ಎಂದು ಕಾರು ಬೆನ್ನಿಗೆ ಒದೆಯುತ್ತದೆ. ಸರಿಯಿದ್ದ ಗಾಡಿಯಾದರೆ ಒಂದು ಎಣಿಸುವಷ್ಟರಲ್ಲಿ ಸದ್ದಿಲ್ಲದೆ ಹಿಡಿದುಕೊಳ್ಳಬೇಕಿತ್ತು. ಘಾಟಿನ ನಾಲ್ಕನೆಯ ತಿರುವಿನತನಕ ಹೋಗಿ ಬರುವಷ್ಟರಲ್ಲಿ ಕಾರು ಒಂಬತ್ತು ಸಲ ಕುಲುಕುತ್ತದೆ. ಎಡಗಾಲು ಮಡಚಿಯೇ ಇದೆ. ಜೋಮು ಹಿಡಿದು ದೇವಾನಂದರಿಗೆ ಇಳಿಯಲಾಗುವುದಿಲ್ಲ.

"ಕಾಲು ಸತ್ತದ ಅಣ್ಣಾ."

"ಸಾಯ್ಲಿ. ಸತ್ತ ಕಾಲು ಬ್ರೇಕ್ ತುಳಿಯಾಂಗಿಲ್ಲ," ಎಂದು ಅವ್ವಣ್ಣ ನಗುತ್ತಾರೆ. ಆಮೇಲೆ ನಗು ಹಾಗೇ ಆರುತ್ತದೆ. "ಶಂಕ್ರೆಪ್ಪನೂ ಇದs ಅಂದಿದ್ದ."

ಅವ್ವಣ್ಣ ಸುರಪುರ ಕಡೆಯ ಹಳ್ಳಿಯವರು. ಕಟ್ಟಡದ ಕೂಲಿಗೆಂದು ಪುಣೆಗೆ ಬಂದ ತಾಯಿಯ ಸೊಂಟದ ಮೇಲೆ ಬಂದವರು. ಗಾರೆ ಕಲಸಿದರು, ಲಾರಿ ತೊಳೆದರು, ಲಾರಿಯ ಗೇರು ಬಿಚ್ಚುವುದನ್ನು ನೋಡುತ್ತ ನೋಡುತ್ತ ಕಲಿತರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಇಪ್ಪತ್ತು ವರ್ಷದಿಂದ ವಿಜಾಪುರ ಮೂಲದ ಸದಾನಂದ ಎಂಬವರ ಈ ಗ್ಯಾರೇಜಿನಲ್ಲಿದ್ದಾರೆ. ತೊಂಬತ್ತರ ದಶಕದಲ್ಲಿ ಹೊರದೇಶದ ಹಳೆಯ ಆಟೋಮ್ಯಾಟಿಕ್ ಕಾರುಗಳು ಒಂದೊಂದಾಗಿ ಬರತೊಡಗಿದಾಗ ಊರಿನ ಮೆಕ್ಯಾನಿಕ್‌ಗಳು ಕೈ ಹಚ್ಚಲು ಅಂಜಿದರು. ಅವ್ವಣ್ಣ ಗುಜರಿಯಿಂದ ಒಂದು ಸತ್ತ ಗೇರ್‌ಬಾಕ್ಸ್ ತಂದು, ಹನ್ನೊಂದು ಭಾನುವಾರ ಕೂತು, ಒಂದೊಂದೇ ಭಾಗ ಬಿಚ್ಚಿ ಗೋಣಿತಾಟಿನ ಮೇಲೆ ಸಾಲಾಗಿಟ್ಟು ಮತ್ತೆ ಜೋಡಿಸಿದರು.

ಈಗ ದಿನಕ್ಕೆ ನಾಲ್ಕೈದು ಕಾರು ಬರುತ್ತವೆ. ಗೋಡೆಯ ಮೇಲೆ ಸೀಮೆಸುಣ್ಣದ ಗೀಟುಗಳಿವೆ: ಈ ವರ್ಷ ಝಟಕಾ, ಅಂದರೆ ಕುಲುಕು, ಹೊಡೆಯುತ್ತದೆಂದು ಬಂದ ಕಾರುಗಳು ಇನ್ನೂರ ಹನ್ನೆರಡು, ಗೇರ್‌ಬಾಕ್ಸ್ ಬಿಚ್ಚಲೇಬೇಕಾಗಿ ಬಂದವು ಮೂವತ್ತೊಂದು. ಉಳಿದವುಗಳಲ್ಲಿ ಬಿರುಕು ಬಿಟ್ಟ ರಬ್ಬರ್ ಪೈಪು, ಸಡಿಲಾದ ಕೇಬಲ್ಲು, ಎಂಜಿನ್ ಕೆಳಗಿನ ಕುಸಿದ ರಬ್ಬರ್ ದಿಂಬು, ಕಡಿಮೆ ಬಿದ್ದ ಎಣ್ಣೆ. "ಮೊದಲs ಹೊಟ್ಟಿ ಕೊಯ್ಯಬಾರದ್ರಿ. ನಾಲಿಗಿ ನೋಡಬೇಕು, ನಾಡಿ ನೋಡಬೇಕು." ಗ್ಯಾರೇಜಿನ ಬೋರ್ಡಿನ ಮೇಲೆ 'ಆಟೋಮ್ಯಾಟಿಕ್ ತಜ್ಞರು' ಎಂದು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ. ಪಕ್ಕದಲ್ಲಿ ಸದಾನಂದರ ಫೋಟೊ ಇದೆ. ಗಿರಾಕಿಗಳೆದುರು ಅವ್ವಣ್ಣ ಬಾಯಿ ತೆರೆಯುವ ಹಾಗಿಲ್ಲ. ಅವರು ಸದಾನಂದರ ಕಿವಿಯಲ್ಲಿ ಹೇಳಬೇಕು, ಸದಾನಂದರು ಗಿರಾಕಿಗೆ ಹೇಳಬೇಕು. ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ನಾವು ಹಗುರಾಗುತ್ತೇವೆ. ಮರೆ ಮಾಡಿದ ಎಲೆ ಯಾರು ಎಂದು ಕೇಳಿಕೊಳ್ಳುವುದಿಲ್ಲ.

೧೯೯೮ರಲ್ಲಿ ನಡೆದದ್ದು ಇಷ್ಟು. ಶಂಕ್ರೆಪ್ಪ ಓಡಿಸುತ್ತಿದ್ದ ಕಾರಿನ ಗೇರೆಣ್ಣೆಯನ್ನು ಅವ್ವಣ್ಣನವರೇ ಬದಲಿಸಿದರು. ಲಾರಿಯಲ್ಲಿ ಕಲಿತ ಕೈ. ಎಂಜಿನ್ ಬಂದ್ ಮಾಡಿ, ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದು, ಗುರುತಿನ ತನಕ ಇದೆ ಎಂದು ಮುಚ್ಚಿದರು. ಆಟೋಮ್ಯಾಟಿಕ್ ಗಾಡಿಯಲ್ಲಿ ಹಾಗೆ ನೋಡಬಾರದು. ಎಂಜಿನ್ ನಿಂತಾಗ ಮೇಲಿನ ಎಣ್ಣೆಯೆಲ್ಲ ಕೆಳಗಿಳಿದು ತುಂಬಿದಂತೆ ಕಾಣುತ್ತದೆ. ಓಡುವಾಗ ಎಣ್ಣೆ ಸಾಲದೆ ಪಂಪು ಗಾಳಿ ಎಳೆಯುತ್ತದೆ. ಕಾರು ಕುಲುಕತೊಡಗಿತು. ಶಂಕ್ರೆಪ್ಪನವರ ಮೇಲೆ ಕೂಗಾಟವಾಯಿತು. ಅವತ್ತು ಮೊದಲ ಸಲ ಅವ್ವಣ್ಣ ಒಬ್ಬ ಡ್ರೈವರನ ಎಡಗಾಲು ಮಡಚಿಸಿ ಘಾಟಿಗೆ ಕರೆದೊಯ್ದರು. ಏಳು ಸಲ ಕುಲುಕು ಬಂತು. ವಾಪಸ್ಸು ಬಂದು, ಎಂಜಿನ್ ಚಾಲೂ ಇರುವಾಗಲೇ ಕಡ್ಡಿ ಎಳೆದರು. ತುದಿಗಷ್ಟೇ ಎಣ್ಣೆ.

"ಸದಾನಂದ ಸಾವ್ಕಾರ್ರಿಗೆ ತಪ್ಪು ನಂದದ ಅಂತ ಹೇಳಿದೆ. ಅವರು, 'ನಿಂದಂದ್ರ ಗ್ಯಾರೇಜಿಂದು. ಗ್ಯಾರೇಜಿನ ಹೆಸರು ಹೋಗ್ತದ. ಒತ್ತು' ಅಂದ್ರು. ಒತ್ತಿದೆ. ಆಗ ನನಗ ಓದಾಕ ಬರತಿದ್ದಿಲ್ಲ. ತಿಳೀದs ಒತ್ತಿದೆ ಅಂತ ಹೇಳಿದ್ರ ನೀವು ನಂಬಬಹುದು. ಆದರ ಅದರಾಗ ಏನ್ ಬರದಾರಂತ ನನಗ ಗೊತ್ತಿತ್ತು."

ಶಂಕ್ರೆಪ್ಪ ಹೋದ ದಿನವೇ ಗ್ಯಾರೇಜಿನಲ್ಲಿ ಸದ್ದಿಲ್ಲದೆ ಒಂದೂವರೆ ಬಾಟಲಿ ಎಣ್ಣೆ ಹಾಕಿದರು. ಹೊಸ ಡ್ರೈವರ್ ಬಂದರು. ಕಾರು ಬೆಣ್ಣೆಯಂತೆ ಓಡಿತು. ಡ್ರೈವರ್ ಬದಲಾದ, ಝಟಕಾ ಹೋಯಿತು, ಇನ್ನೇನು ಸಾಕ್ಷಿ ಬೇಕು ಎಂದು ಸದಾನಂದರು ಮಾಲೀಕರಿಗೆ ಹೇಳಿದರು. ಮಾಲೀಕರು ನಂಬಿದರು. ಯಾಕೆ ನಂಬುವುದಿಲ್ಲ? ಹಿಂದಿನ ಸೀಟಿಗೆ ಕುಲುಕು ತಾಗಿದೊಡನೆ ಕಣ್ಣು ಹೋಗುವುದು ಮುಂದೆ ಕೂತವನ ಬೆನ್ನಿನ ಮೇಲೆ. ಕಾರಿಲ್ಲದ ನಾವೂ ಆ ಹಿಂದಿನ ಸೀಟಿನಲ್ಲೇ ಕೂತಿದ್ದೇವೆ.

ಆಮೇಲಿನ ಎಂಟು ವರ್ಷ ಯಾವ ಕಾರಿನ ಕಡ್ಡಿಯನ್ನೂ ಅವ್ವಣ್ಣ ಎಂಜಿನ್ ನಿಲ್ಲಿಸಿ ನೋಡಿಲ್ಲ. ವಿದ್ಯೆಯನ್ನು ಹೊಗಳಿದರೆ ಅವರ ಮುಖ ಕಂದುತ್ತದೆ. "ಒಬ್ಬನ ಅನ್ನ ಕಸಗೊಂಡು ಕಲತ ವಿದ್ಯಾ ಇದು. ನನ್ನ ಹೆಸರು ಬರೀರಿ, ನಡದದ್ದು ಬರೀರಿ. ಚಲೋ ಮನಷ್ಯಾ ಅಂತ ಮಾತ್ರ ಬರೀಬ್ಯಾಡ್ರಿ."

ಮೂರು ವರ್ಷದ ಹಿಂದೆ, ಶಂಕ್ರೆಪ್ಪ ಪುಣೆಯಾಚೆಯ ದೌಂಡ ರೈಲು ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಾರೆಂದು ಯಾರೋ ಹೇಳಿದರು. ಅವ್ವಣ್ಣ ರಜೆ ಹಾಕಿ ಬೆಳಗಿನ ಗಾಡಿ ಹತ್ತಿದರು. ಪ್ಲಾಟ್‌ಫಾರ್ಮಿನಲ್ಲಿ ಕಂಡರು ಕೂಡ. "ಬೆನ್ನ ಮ್ಯಾಲ ಚೀಲ ಇತ್ತು. ಬಗ್ಗಿದಾಂವ ಕತ್ತೆತ್ತಿ ನನ್ನ ಕಡೆ ನೋಡಿದ. ಗುರ್ತು ಹಿಡದ್ನೋ ಇಲ್ಲೋ. ನಾ ಚಹಾದ ಗಾಡಿ ಹಿಂದ ಸರದೆ. ತಿರಗಿ ಬರೋ ಗಾಡಿ ಬರೂತನಕ ಅಲ್ಲೇ ನಿಂತಿದ್ದೆ." ಆಡಬೇಕೆಂದು ಒಯ್ದಿದ್ದ ಮಾತು ಹಾಗೇ ವಾಪಸ್ಸು ಬಂತು.

ಒಂಬತ್ತಕ್ಕೆ ಹೆಂಡತಿ ಯಂಕವ್ವ ಕಟ್ಟಡದ ಕೆಲಸಕ್ಕೆ ಹೋಗುವ ದಾರಿಯಲ್ಲಿ ರೊಟ್ಟಿಯ ಗಂಟು ಕೊಟ್ಟು ಹೋಗುತ್ತಾರೆ. "ಮಂದಿ ಗಾಡಿ ಝಟಕಾ ಬಿಡಸ್ತಾನ. ಮನ್ಯಾಗ ದೌಂಡ ಅಂತ ಹೆಸರು ತಗದ್ರ ಸಾಕು, ತಾನs ಝಟಕಾ ಹೊಡೀತಾನ," ಎನ್ನುತ್ತಾರೆ. ಅವ್ವಣ್ಣ ತಲೆ ತಗ್ಗಿಸಿ ಗಂಟು ಇಸಿದುಕೊಳ್ಳುತ್ತಾರೆ. ಐದು ವರ್ಷದ ಹಿಂದೆ ತಾವಿರುವ ಓಣಿಯ ಓದು ಬಳಗದಲ್ಲಿ ಕೂತು ಗಂಡ ಅಕ್ಷರ ಕಲಿತದ್ದೂ ಆಕೆಯ ಒತ್ತಾಯಕ್ಕೇ: ಇನ್ನೊಮ್ಮೆ ಹೆಬ್ಬೆಟ್ಟು ಒತ್ತಬಾರದೆಂದು. "ಸಹಿ ಕಲತೆ. ಸಹಿ ಕಲತ್ರ ಏನಾತು? ಅದs ಸುಳ್ಳು ಚಂದ ಮಾಡಿ ಬರೀಬಹುದು, ಅಷ್ಟ."

ದೇವಾನಂದರ ಕಾರಿನ ಕಡ್ಡಿ ಈಗ ಬಿಳಿ ಬಟ್ಟೆಯ ಮೇಲಿದೆ. ಎಂಜಿನ್ ಚಾಲೂ ಇದೆ. ಬಟ್ಟೆಯ ಮೇಲೆ ಬಿದ್ದದ್ದು ಉಗುರಿನಷ್ಟು ಕೆಂಪು ಕಲೆ, ಅದಕ್ಕೆ ಸಣ್ಣಗೆ ಸುಟ್ಟ ವಾಸನೆ. ಮೂರು ವಾರದ ಹಿಂದೆ ಅವ್ವಣ್ಣ ಊರಿಗೆ ಹೋಗಿದ್ದಾಗ ಇದೇ ಗ್ಯಾರೇಜಿನ ಇನ್ನೊಂದು ಕೈ ಇದರ ಎಣ್ಣೆ ಬದಲಿಸಿತ್ತು. ಎಂಜಿನ್ ನಿಲ್ಲಿಸಿ ಕಡ್ಡಿ ನೋಡಿತ್ತು. ಅದೇ ತಪ್ಪು.

ಹತ್ತೂವರೆಗೆ ಸದಾನಂದರು ಬರುತ್ತಾರೆ. ಮೊಬೈಲು ಕಿವಿಯಲ್ಲೇ ಇದೆ: "ಹೋ ಸಾಹೇಬ, ಡ್ರೈವರಚೀ ಚೂಕ್ ಆಹೇ. ಯಾ, ಯಾ." ಡ್ರೈವರನದೇ ತಪ್ಪು, ಬನ್ನಿ ಎಂದು ಮಾಲೀಕರಿಗೆ ಆಗಲೇ ಹೇಳಿಯಾಗಿದೆ. ದೇವಾನಂದರಿಗೂ ಮರಾಠಿ ಬರುತ್ತದೆ. ಅವರು ಕಾರಿನ ಬಾಗಿಲು ಹಿಡಿದುಕೊಳ್ಳುತ್ತಾರೆ.

"ಏನಪಾ ಅವ್ವಣ್ಣ, ಮುಗೀತೇನು?"

"ಎಣ್ಣಿ ಕಮ್ಮಿ ಅದ್ರಿ ಸಾವ್ಕಾರ್ರ. ನಮ್ಮವರs ಕಮ್ಮಿ ಹಾಕ್ಯಾರ. ಹುಡುಗಂದೇನೂ ತಪ್ಪಿಲ್ಲ."

"ಹಂಗಾರ ಬಡಾಬಡಾ ತುಂಬಿಬಿಡು. ತುಂಬಿ ಇದಕ್ಕ ಸಹಿ ಹಾಕು." ಸದಾನಂದರು ಚೀಟಿಯನ್ನೂ ಪೆನ್ನನ್ನೂ ಬಾನೆಟ್ಟಿನ ಮೇಲಿಡುತ್ತಾರೆ. "ಮೂರು ವಾರ ಒಣಗಿ ಓಡ್ಯದ. ಒಳಗ ಪ್ಲೇಟ್ ಸುಟ್ಟಿದ್ರ ಯಾರು ತುಂಬಿ ಕೊಡಾಂವ? ನಿಮ್ಮಪ್ಪ?"

"ನಮ್ಮಪ್ಪ ತೀರಿಕೊಂಡಾನ್ರಿ."

"ಮಾತ್ ಬ್ಯಾಡ. ಇಪ್ಪತ್ತು ವರ್ಷ ಇಲ್ಲಿ ಅನ್ನ ತಿಂದೀ. ನಾವು ನಾವು ಕನ್ನಡದವ್ರು. ಸುಮ್ನ ಹಾಕು."

"ಇಂವಾ ಕನ್ನಡದಾಂವ ಅಲ್ಲೇನ್ರಿ? ಶಂಕ್ರೆಪ್ಪ ಆಗಿದ್ದಿಲ್ಲೇನ್ರಿ?"

ಆ ಹೆಸರು ಸದಾನಂದರ ಎದುರು ಎಂಟು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ಕೇಳಿಸಿದೆ. ಸದಾನಂದರು ಪೆನ್ನನ್ನು ಇನ್ನಷ್ಟು ಹತ್ತಿರ ತಳ್ಳುತ್ತಾರೆ. ಅವ್ವಣ್ಣ ಕೈ ಚಾಚಿ ಎಂಜಿನ್ ಬಂದ್ ಮಾಡಿ, ಕೀಲಿಯನ್ನು ದೇವಾನಂದರಿಗೆ ಕೊಡುತ್ತಾರೆ. ಎಣ್ಣೆಯ ಬಾಟಲಿಗಳು ಕಪಾಟಿನ ಮೇಲೆಯೇ ಇವೆ, ಎರಡು ಹೆಜ್ಜೆ ದೂರದಲ್ಲಿ. ಅವರು ಅತ್ತ ಹೋಗುವುದಿಲ್ಲ. ಇಪ್ಪತ್ತು ವರ್ಷ ಸಾವ್ಕಾರರೆದುರು ನಿಲ್ಲುತ್ತಿದ್ದ ರೀತಿಯಲ್ಲೇ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ.

"ಆವಾಗ ಎಣ್ಣಿ ತುಂಬಿs ತಪ್ಪು ಮುಚ್ಚಿದ್ದಿವ್ರಿ. ಈಗ ಸಾಹೇಬ್ರು ಬರ್ಲಿ. ಗಾಡಿ ಚಾಲೂ ಮಾಡಿ ಅವರ ಕಣ್ಣಮುಂದs ಕಡ್ಡಿ ಎಳೀತೀನಿ. ಅಲ್ಲೀತನ ಎಣ್ಣೀನೂ ಹಾಕಂಗಿಲ್ಲ, ಸಹೀನೂ ಹಾಕಂಗಿಲ್ಲ."