ಅಳತೆ ತಪ್ಪಿದ ಸ್ವೆಟರು

ಮಕ್ಕಳೇ, ನಾನು ಅಡರಕಟ್ಟಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ನಾಲ್ಕು ಜನರೆದುರು ಬಾಯಿ ಬಿಡಲು ಇಂದಿಗೂ ಸಂಕೋಚ. ಅದಕ್ಕೇ ಈ ಸಿಟ್ಟನ್ನು ಬರೆದಿಡುತ್ತಿದ್ದೇನೆ.

ಚಳಿಗಾಲದಲ್ಲಿ ಗದಗಿನ ರಸ್ತೆ ಬದಿಗೆ ಟಿಬೆಟಿನವರು ಸ್ವೆಟರ್ ಅಂಗಡಿ ಹಾಕುವುದನ್ನು ನೀವೂ ನೋಡಿದ್ದೀರಿ. ಅವರಲ್ಲೊಬ್ಬಾಕೆ ನಮ್ಮ ಮನೆಗೆ ಕುಡಿಯುವ ನೀರಿಗೆ ಬರುತ್ತಿದ್ದಳು. ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಾಕೆ, ಕನ್ನಡ ನಮ್ಮ ಹಾಗೆಯೇ ಮಾತಾಡುತ್ತಾಳೆ. ಬರಬರುತ್ತ ನಮ್ಮ ಪಡಸಾಲೆಯಲ್ಲೇ ಬುತ್ತಿ ಬಿಚ್ಚತೊಡಗಿದಳು. ಚಿಕ್ಕಂದಿನಲ್ಲಿ ಅವಳೂ ಅವಳ ಅಕ್ಕನೂ ಟಿಬೆಟಿನಿಂದ ಒಂದೇ ಗುಂಪಿನಲ್ಲಿ ಹಿಮದ ಗುಡ್ಡ ದಾಟಿ ಓಡಿ ಬಂದವರು. ಜ್ವರ ಬಂದ ಅಕ್ಕ ನೇಪಾಳದಲ್ಲೇ ಉಳಿದಳು, ಇವಳು ಗುಂಪಿನೊಂದಿಗೆ ನಮ್ಮ ದೇಶಕ್ಕೆ ಬಂದಳು. ಇವಳಿಗೆ ಇಲ್ಲಿರಲು ಒಂದು ಕಾರ್ಡು ಸಿಕ್ಕಿತು, ಅಕ್ಕನಿಗೆ ಅಲ್ಲಿ ಏನೂ ಸಿಗಲಿಲ್ಲ. ಆ ಕಾರ್ಡು ಹಿಡಿದು ಇವಳು ಗಡಿ ದಾಟುವಂತಿಲ್ಲ. ಕಾಗದವೇ ಇಲ್ಲದ ಅಕ್ಕ ಈಚೆ ಬರುವಂತಿಲ್ಲ. ಮೊಬೈಲಿನಲ್ಲಿ ಮುಖ ನೋಡಿದ್ದಷ್ಟೇ.

ಹೋದ ವರ್ಷ ನಮ್ಮ ಓಣಿಯವರು ನೇಪಾಳದ ಪಶುಪತಿನಾಥನ ಯಾತ್ರೆಗೆ ಬಸ್ಸು ಮಾಡಿದರು. ನಾನೂ ಹೊರಟೆ. ಸುದ್ದಿ ತಿಳಿದು ಅವಳು ಕೈಯಿಂದಲೇ ಹೆಣೆದ ಸ್ವೆಟರು ತಂದಳು, ಅಕ್ಕನಿಗೆ ಮುಟ್ಟಿಸಲು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸದ ನನ್ನನ್ನು ಓಣಿಯ ಹಿರಿಯರೊಬ್ಬರು ಕಾಡಿದ್ದೇ ಕಾಡಿದ್ದು: "ಅಕ್ಕಾರ, ದೇವರಿಗೆ ಹೊಂಟೀರೋ, ವ್ಯಾಪಾರಕ್ಕ ಹೊಂಟೀರೋ?"

ಆ ದೇಶದಲ್ಲಿ ನನಗೆ ಯಾರೆಂದರೆ ಯಾರೂ ಇಲ್ಲ. ಆದರೂ ಗಡಿಯಲ್ಲಿ ನನ್ನ ಮತದಾನದ ಕಾರ್ಡನ್ನು ಅರೆಬರೆ ನೋಡಿ, ಹೋಗಿ ಎಂದು ಕೈ ಬೀಸಿದರು. ಒಡಹುಟ್ಟಿದ ಅಕ್ಕನೇ ಅಲ್ಲಿದ್ದರೂ ಅವಳು ಮಾತ್ರ ಗದಗಿನ ರಸ್ತೆ ಬದಿಗೆ ಕೂತಿರಬೇಕು. ನನ್ನ ಸಿಟ್ಟು ಶುರುವಾದದ್ದು ಅಲ್ಲಿಯೇ.

ತಂಗಿ ಮೊಬೈಲಿನಲ್ಲಿ ತಿಳಿಸಿದ್ದರಿಂದ ನಾವು ಇಳಿದುಕೊಂಡಿದ್ದ ಧರ್ಮಶಾಲೆಗೆ ಅವಳ ಅಕ್ಕ ಬಂದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಸ್ವೆಟರು ತೊಡಲು ನೋಡಿದಳು. ಭುಜದಿಂದ ಕೆಳಗೆ ಇಳಿಯಲಿಲ್ಲ. ನಕ್ಕಳು. ಆಮೇಲೆ ಅದನ್ನು ಮಡಚಿ ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಳು.

ಟಿ.ವಿ.ಯಲ್ಲಿ ನೆರೆಹೊರೆಯ ದೇಶಗಳ ದೊಡ್ಡವರು ಒಂದೇ ಮೇಜಿಗೆ ಕೂತು ಕರೆಂಟಿನ ಮಾತಾಡುತ್ತಾರೆ, ರೈಲಿನ ಮಾತಾಡುತ್ತಾರೆ. ಜೀವ ಉಳಿಸಿಕೊಳ್ಳಲು ಓಡಿ ಬಂದವರಿಗೆ ಎಲ್ಲ ಕಡೆಯೂ ನಡೆಯುವ ಒಂದು ಕಾಯಿದೆ ಮಾಡಲು ಅವರಿಗೇನು ಧಾಡಿ? ಕಾಲುವೆ ನೀರಿಗಾಗಿ ನಮ್ಮ ಮೇಲಿನ ಊರವರೂ ಕೆಳಗಿನ ಊರವರೂ ಬೈದಾಡಿಕೊಂಡಾದರೂ ಕೂತು ಸರದಿ ಗೊತ್ತುಮಾಡಿಕೊಳ್ಳುತ್ತಾರೆ. ಒಂದೇ ದಾರಿಯಲ್ಲಿ ನಡೆದು ಬಂದ ಅಕ್ಕತಂಗಿಯರಲ್ಲಿ ಒಬ್ಬಳಿಗೆ ನೆಲೆ, ಇನ್ನೊಬ್ಬಳು ಲೆಕ್ಕಕ್ಕೇ ಇಲ್ಲ. ಇದು ಯಾವ ಸೀಮೆಯ ನ್ಯಾಯ?

ಈ ಚಳಿಗಾಲ ಅವಳು ಬಂದಾಗ ಸ್ವೆಟರು ಬಿಗಿಯಾದದ್ದನ್ನು ಮುಚ್ಚಿಡಲಾಗಲಿಲ್ಲ. ಅವಳು ನೀರಿನ ಚರಿಗೆ ಕೆಳಗಿಟ್ಟಳು.

"ಯಾರರೆ ಅಂಗಡಿ ಮುಂದ ನಿಂತ್ರ ಸಾಕು, ನನಗ ಅಳತಿ ತಿಳಿತೈತ್ರಿ. ನಮ್ಮಕ್ಕಂದ ತಿಳೀಲಿಲ್ಲ ನೋಡ್ರಿ. ನಿಮ್ಮಷ್ಟು ಮೈ ಆಗ್ಯಾಳೇನ್ರಿ?"

ಸ್ವಲ್ಪ ಹೆಚ್ಚೇ ಎಂದೆ. ನನ್ನನ್ನು ಎದ್ದು ನಿಲ್ಲಿಸಿ ಭುಜಕ್ಕೆ, ಎದೆಗೆ ಟೇಪು ಹಿಡಿದಳು.

"ಈ ಸಲ ಸರಿ ಹೆಣೀತೇನ್ರಿ. ಬಸ್ ಯಾವಾಗ ಹೊಂಡತೈತಿ?"

ಓಣಿಯವರು ಈ ವರ್ಷ ರಾಮೇಶ್ವರಕ್ಕೆ ಹೊರಟಿದ್ದಾರೆ. ನಾನು ತೋಳಿನ ಅಳತೆಗೂ ಕೈ ಚಾಚಿದೆ.