ಖಾಸಿಂಸಾಬನ ಎರಡು ದಾರ

೧೯೧೨ರ ಮುನಸಿಪಾಲ್ಟಿ ಚುನಾವಣೆಗೆ ಇಳಕಲ್ಲಿನ ನಮ್ಮ ಪೇಟೆಯಿಂದ ನಿಂತವರು ಇಬ್ಬರು: ಅಡತಿ ಅಂಗಡಿಯ ಹನಮಂತಪ್ಪ, ಗುತ್ತಿಗೆದಾರ ಬೀರಲಿಂಗಪ್ಪ. ಇಬ್ಬರನ್ನೂ ತೂಗಿ ನೋಡಿದವನು ಒಬ್ಬನೇ, ನಮ್ಮ ಎದುರು ಮನೆಯ ನೇಕಾರ ಖಾಸಿಂಸಾಬ. ಐವತ್ತು ದಾಟಿದವ, ಅಕ್ಷರ ಬಾರದವ. ಆದರೆ ಬಣ್ಣ ಬಿಡುವ ನೂಲನ್ನು ಒದ್ದೆ ಬೆರಳಿಂದ ತಿಕ್ಕಿ ಹಿಡಿಯುವವ.

ನಾನು ಧಾರವಾಡದಲ್ಲಿ ಸಾಲಿ ಕಲಿತವಳು. ಕಲಿತು ಏನಾಯಿತು, ಹೆಂಗಸಿಗೆ ಮತವಿಲ್ಲ. ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಕಟ್ಟುವವರಿಗಷ್ಟೇ ಮತ; ಬಾಡಿಗೆ ಮನೆಯ ಮಾಸ್ತರನಾದ ನನ್ನ ಗಂಡನಿಗೂ ಇಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಬಣ್ಣ ಹಾಕುವವರ ಗಟಾರ ನಮ್ಮ ಬಾವಿಯ ಮಗ್ಗುಲಲ್ಲೇ ಹರಿಯುತ್ತಿತ್ತು, ಕೊಡದ ನೀರು ಒಮ್ಮೊಮ್ಮೆ ನೀಲಿಯಾಗಿ ಕಾಣುತ್ತಿತ್ತು. ಎಂಟು ತಿಂಗಳ ನನ್ನ ಕೂಸಿಗೆ ಎರಡು ಸಲ ಹೊಟ್ಟೆ ಕೆಟ್ಟಿತ್ತು. ನೀರು ಸೋಸುತ್ತಿದ್ದೆ, ಕಾಯಿಸುತ್ತಿದ್ದೆ, ನಂಬಿಕೆಯಾಗದೆ ಮತ್ತೆ ಕಾಯಿಸುತ್ತಿದ್ದೆ.

ಎಷ್ಟು ಮೊಳ ನೇಯ್ದೆನೆಂಬುದನ್ನು ಖಾಸಿಂಸಾಬ ದಾರಕ್ಕೆ ಗಂಟು ಹಾಕಿ ನೆನಪಿಡುತ್ತಿದ್ದ. ಹಾಗೆಯೇ ಆ ಇಬ್ಬರಿಗೂ ಒಂದೊಂದು ದಾರ ಮಾಡಿ ಗೋಡೆಯ ಗೂಟಗಳಿಗೆ ತೂಗುಬಿಟ್ಟ. ದಾರದ ಮೇಲ್ಭಾಗ ಗಟಾರಕ್ಕೆ, ನಡು ಬೀದಿದೀಪಕ್ಕೆ, ತುದಿ ಮನೆಪಟ್ಟಿ ಇಳಿಸುವುದಕ್ಕೆ. ಮಾಡುತ್ತೇನೆ ಎಂದರೆ ಕೆಂಪು ಗಂಟು, ಮಾಡುವುದಿಲ್ಲ ಎಂದರೆ ಕಪ್ಪು. ಸೀರೆ ಕೊಡಲು ಹೋದ ಓಣಿಯಲ್ಲೆಲ್ಲ ಅವರು ಏನು ಹೇಳಿಹೋದರೆಂದು ಕೇಳಿಕೊಂಡು ಬಂದು ಗಂಟು ಹಾಕುತ್ತಿದ್ದ.

ಹನಮಂತಪ್ಪ ನಮ್ಮ ಕಟ್ಟೆಯ ಮೇಲೆ ಕೂತು, ನಮ್ಮ ಮಜ್ಜಿಗೆ ಕುಡಿದು, ಗಟಾರ ತಿರುಗಿಸುವುದೇ ತನ್ನ ಮೊದಲ ಕೆಲಸ ಎಂದ. ಮೀಸೆ ಒರೆಸಿಕೊಂಡು ಎದ್ದು ಬಣ್ಣದವರ ಓಣಿಗೆ ಹೋಗಿ, ಗಟಾರಕ್ಕೆ ಯಾರೂ ಕೈ ಹಚ್ಚದಂತೆ ನೋಡಿಕೊಳ್ಳುತ್ತೇನೆ ಎಂದ. ಬೀರಲಿಂಗಪ್ಪ ಮಜ್ಜಿಗೆ ಕುಡಿಯಲಿಲ್ಲ, ಅಷ್ಟೇ ಫರಕು.

ಮತದ ಹಿಂದಿನ ದಿನ ನನಗೆ ತಡೆಯಲಾಗಲಿಲ್ಲ. ಖಾಸಿಂಸಾಬ ಹೊರಗೆ ಹೋಗಿದ್ದಾಗ ಕೂಸನ್ನು ಎತ್ತಿಕೊಂಡು ಹೋಗಿ ಎರಡೂ ದಾರ ಇಳಿಸಿ ನೋಡಿದೆ. ತಿರುಗಿ ಸಿಕ್ಕಿಸುವಾಗ ಯಾವುದು ಯಾವ ಗೂಟದ್ದೆಂದು ಮರೆತೇ ಹೋಯಿತು. ಅವನ ತಿಂಗಳ ಶ್ರಮವನ್ನೆಲ್ಲ ಕೆಡಿಸಿಬಿಟ್ಟೆ. ಅವನು ಬಂದ ಕೂಡಲೇ ಇದ್ದದ್ದು ಹೇಳಿದೆ.

ಖಾಸಿಂಸಾಬ ದಾರಗಳನ್ನು ಎಳೆದು, ಗಂಟಿಗೆ ಗಂಟು ಹಚ್ಚಿ ನೋಡಿದ. ಮೇಲಿಂದ ಕೆಳತನಕ ಎರಡೂ ಒಂದೇ: ಒಂದು ಓಣಿಗೆ ಕೆಂಪು, ಮುಂದಿನ ಓಣಿಗೆ ಕಪ್ಪು, ಮತ್ತೆ ಕೆಂಪು, ಮತ್ತೆ ಕಪ್ಪು.

“ಹೆದರಬ್ಯಾಡ್ರಿ ಬಾಯಾರ. ಇವಕ್ಕ ಎರಡು ಗೂಟ ಕೊಟ್ಟಿದ್ದ ನನ್ನ ತಪ್ಪು.”

“ನೀರಿಂದು ಹೆಂಗ ಕಾಕಾ?”

“ಮತ ಬೇಕಾದವ ಸಲಿಕಿ ತರಲಿ.”

ಮರುದಿನ, ಅವನ ಮಾತಿನಂತೆ, ಓಣಿಯ ಹನ್ನೊಂದು ಮಂದಿ ನೇಕಾರರು, ಎಲ್ಲರೂ ಮನೆಪಟ್ಟಿ ಕಟ್ಟುವ ಮತದಾರರು, ಮಗ್ಗ ಬಿಟ್ಟು ಏಳಲಿಲ್ಲ. ಕರೆದೊಯ್ಯಲು ಎರಡೂ ಕಡೆಯ ಚಕ್ಕಡಿಗಳು ಬಂದು ನಿಂತವು. ಗಟಾರ ತಿರುಗಿದ ಮೇಲೆ ಬರುತ್ತೇವೆಂದು ಖಾಸಿಂಸಾಬ ತಲೆ ಎತ್ತದೆ ಹೇಳಿ ಕಳಿಸಿದ. ನೇಕಾರರ ನೂಲಿನಿಂದಲೇ ಒಲೆ ಉರಿಯುವ ಬಣ್ಣದವರು ಎದುರಾಡಲಿಲ್ಲ.

ಸಂಜೆಗೆ ಮತದ ಕಚೇರಿ ಮುಚ್ಚುವುದಿತ್ತು. ಹನಮಂತಪ್ಪನ ಆಳುಗಳು ಮೇಲಿನಿಂದ, ಬೀರಲಿಂಗಪ್ಪನ ಆಳುಗಳು ಕೆಳಗಿನಿಂದ ಅಗೆದರು. ಧಣಿಗಳಿಬ್ಬರೂ ಧೋತರ ಎತ್ತಿ ಹಿಡಿದು, ಇದನ್ನು ಮೊದಲು ಹೇಳಿದವನು ತಾನೇ ಎಂದು ಕೆಸರಿನಲ್ಲಿ ನಿಂತು ಜಗಳಾಡಿದರು. ಮೂರು ಗಂಟೆಗೆ ನೀಲಿ ನೀರು ಊರ ಹೊರಗಿನ ತಗ್ಗಿನ ಕಡೆ ಹೊರಳಿತು. ಆಮೇಲೆ ಖಾಸಿಂಸಾಬ ಎದ್ದು ಟೊಪ್ಪಿಗೆ ಝಾಡಿಸಿದ.

ಕಚೇರಿಯಲ್ಲಿ ಯಾರ ಹೆಸರು ಹೇಳಿ ಮತ ಹಾಕಿದನೆಂದು ನಾನು ಕೇಳಲಿಲ್ಲ. ಗೆದ್ದವನ ಮೆರವಣಿಗೆ ಬಾಗಿಲ ಮುಂದೆ ಹಾದಾಗ ಹೊರಗೂ ಬರಲಿಲ್ಲ. ಬಾವಿಯ ನೀರು ಒಲೆಯ ಮೇಲಿತ್ತು. ತಿಳಿಯಾಗಿತ್ತು, ಆದರೂ ಎರಡು ಸಲ ಕಾಯಿಸಿದೆ.